ಡಾಕ್ಟರ್ ಮುಂದೆ ಕೂತರೆ ಎಲ್ಲಾ ಮರೆತುಹೋಗುತ್ತದೆ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಇಬ್ಬರು ಮಕ್ಕಳ ಅಮ್ಮ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮಗಳಿಗೆ 4 ವರ್ಷ, ಮಗನಿಗೆ 14 ತಿಂಗಳು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಕಾಯಿಲೆ ನಿಂತೇ ಇಲ್ಲ. ಅವಳಿಗೆ ನೆಗಡಿ ಬಂದರೆ ಮೂರನೇ ದಿನ ಇವನಿಗೆ. ಇವನ ಕೆಮ್ಮು ಇಳಿಯಿತು ಅನ್ನುವಷ್ಟರಲ್ಲಿ ಅವಳಿಗೆ ಮತ್ತೆ ಜ್ವರ. ಐದು ತಿಂಗಳಲ್ಲಿ ಆರು ಸಲ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದೇವೆ. ಕೆಲಸದಲ್ಲಿ ಮತ್ತೆ ರಜೆ ಕೇಳುವುದಕ್ಕೆ ನನಗೆ ಮುಖವೇ ಇಲ್ಲ.

ಹೋದ ವಾರದ್ದು ಹೇಳುತ್ತೇನೆ. ಮಗನಿಗೆ ಜ್ವರ ಬಂದು ಎರಡನೇ ರಾತ್ರಿ. ನಾನು ಮಗಳ ಪಕ್ಕದಲ್ಲಿ ಹಾಗೇ ನಿದ್ದೆ ಹೋಗಿದ್ದೆ. ಹನ್ನೊಂದೂವರೆಗೆ ನಮ್ಮ ಯಜಮಾನರು ಅವನಿಗೆ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್ ಕುಡಿಸಿ ಮಲಗಿಸಿದ್ದರು. ಒಂದೂವರೆಗೆ ಅವನು ನರಳಿದ. ಎದ್ದು ಮುಟ್ಟಿ ನೋಡಿದರೆ ಮೈ ಕೆಂಡದ ಹಾಗಿತ್ತು. ದೀಪ ಹಾಕಿದರೆ ಮಗಳು ಏಳುತ್ತಾಳೆ ಅಂತ ಮೊಬೈಲ್ ಬೆಳಕಲ್ಲೇ ಬಾಟಲಿ ಹುಡುಕಿ, ಮುಚ್ಚಳದ ಗೆರೆ ನೋಡಿ 5 ಎಂಎಲ್ ಹಾಕಿ ಕುಡಿಸಿದೆ. ಮುಚ್ಚಳ ತೊಳೆದು ಬರುವಾಗ ಇವರು ಕಣ್ಣುಜ್ಜಿಕೊಂಡು ಎದ್ದು "ಆಗಲೇ ಕೊಟ್ಟಿದ್ನಲ್ಲ" ಅಂದರು. ನನ್ನ ಕೈಕಾಲು ತಣ್ಣಗಾಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದರು. "ಮಗು ತೂಕ ಎಷ್ಟು?" ಅಂದರು. ನನಗೆ ಬಾಯೇ ಬರಲಿಲ್ಲ. ಇವರು ಲಸಿಕೆ ಕಾರ್ಡ್ ಹುಡುಕಿ ತಂದು 11 ಕೆಜಿ ಅಂದರು. ಗಾಬರಿ ಬೇಡ, ಬೆಳಿಗ್ಗೆವರೆಗೆ ಇನ್ನು ಕೊಡಬೇಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದರು. ಉಳಿದ ರಾತ್ರಿ ಅವನ ಎದೆ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದೆ.

ಬೆಳಿಗ್ಗೆ ಹೋದರೆ ಅಲ್ಲೂ ಇದೇ ಕಥೆ. ಜ್ವರ ಎಷ್ಟಿತ್ತು? "ತುಂಬಾ ಇತ್ತು" ಅಂದೆ. "ತುಂಬಾ ಅಂದ್ರೆ ಎಷ್ಟಮ್ಮ?" ಅಂದರು. ಮೂತ್ರ ಎಷ್ಟು ಸಲ ಮಾಡಿದ? ಗೊತ್ತಿಲ್ಲ. ರಾತ್ರಿಯೆಲ್ಲ ಕೇಳಬೇಕು ಅಂದುಕೊಂಡಿದ್ದ ಒಂದು ಪ್ರಶ್ನೆಯೂ ನೆನಪಾಗಲಿಲ್ಲ. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಎಲ್ಲಾ ನೆನಪಾಯಿತು.

ಇನ್ನೊಂದು ಕಷ್ಟ ಮಗಳದು. ಎರಡು ತಿಂಗಳ ಹಿಂದೆ ಲಸಿಕೆಗೆ ಹೋದಾಗ "ಚುಚ್ಚಲ್ಲ ಪುಟ್ಟಿ, ಸುಮ್ನೆ ನೋಡ್ತಾರೆ" ಅಂತ ಹೇಳಿ ಒಳಗೆ ಕರೆದುಕೊಂಡು ಹೋದೆ. ಚುಚ್ಚಿದರು. ಅವಳು ಅತ್ತಿದ್ದಕ್ಕಿಂತ ನನ್ನನ್ನು ನೋಡಿದ ರೀತಿ ನನಗೆ ಮರೆಯಲು ಆಗುತ್ತಿಲ್ಲ. ಈಗ ತಮ್ಮನಿಗೆ ತೋರಿಸಲು ಹೋದರೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಬರುವುದಿಲ್ಲ.

ಯಾವಾಗ ಓಡಬೇಕು, ಯಾವಾಗ ಮನೆಯಲ್ಲೇ ನೋಡಬಹುದು ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಡಾಕ್ಟರ್ ಮುಂದೆ ತಲೆ ಖಾಲಿ ಆಗದ ಹಾಗೆ ಏನು ಮಾಡುತ್ತೀರಿ?

ಮಕ್ಕಳ ವಾರ್ಡ್ ನರ್ಸ್

ತಂಗಿ, ತಪ್ಪು ಗೊತ್ತಾದ ತಕ್ಷಣ ಫೋನ್ ಮಾಡಿದಿರಲ್ಲ, ಅದು ಸರಿಯಾದ ಕೆಲಸ. 19 ವರ್ಷ ಮಕ್ಕಳ ವಾರ್ಡಿನಲ್ಲಿದ್ದೆ. ಹೆದರಿ ಯಾರಿಗೂ ಹೇಳದೆ ಬೆಳಿಗ್ಗೆವರೆಗೆ ಕಾದವರನ್ನೂ ನೋಡಿದ್ದೇನೆ.

ಪ್ಯಾರಾಸಿಟಮಾಲನ್ನು ತೂಕ ನೋಡಿ ಕೊಡಬೇಕು. ಒಂದು ಸಲಕ್ಕೆ ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗನಿಗೆ 110ರಿಂದ 165 ಮಿಲಿಗ್ರಾಂ ಆಯಿತು. ಎರಡು ಡೋಸ್ ನಡುವೆ 4ರಿಂದ 6 ಗಂಟೆ ಬಿಡಬೇಕು, 24 ಗಂಟೆಯಲ್ಲಿ 4 ಸಲ ದಾಟಬಾರದು. ಈಗ ಎದ್ದು ಹೋಗಿ ಬಾಟಲಿ ತಿರುಗಿಸಿ ನೋಡಿ. 5 ಎಂಎಲ್‌ಗೆ 120 ಮಿಲಿಗ್ರಾಂ ಅಂತ ಇದೆಯೋ, 250 ಅಂತ ಇದೆಯೋ? ಹೆಸರು ಒಂದೇ ಇರುತ್ತದೆ, ಒಳಗಿನ ಮದ್ದು ಎರಡು ಪಟ್ಟು. ಡ್ರಾಪ್ಸ್ ಇನ್ನೂ ಸ್ಟ್ರಾಂಗ್, ಹೆಚ್ಚಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ. ಅಡುಗೆಮನೆ ಚಮಚದಲ್ಲಿ ಯಾವತ್ತೂ ಅಳೆಯಬೇಡಿ. ಬಾಯಿಗೆ ಹಾಕುವ ಸಿರಿಂಜ್ ಇಟ್ಟುಕೊಳ್ಳಿ. ಕೆನ್ನೆ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಟ್ಟರೆ ಉಗುಳುವುದೂ ಕಡಿಮೆ.

ಜ್ವರದ ಮಗು ಆರಾಮಾಗಿ ನಿದ್ದೆ ಮಾಡುತ್ತಿದ್ದರೆ ಮದ್ದಿಗೋಸ್ಕರ ಎಬ್ಬಿಸಬೇಡಿ. ಈ ಮದ್ದು ಮಗುವಿನ ಸಂಕಟ ಕಡಿಮೆ ಮಾಡುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಆಸ್ಪಿರಿನ್ ಮಾತ್ರ ಡಾಕ್ಟರ್ ಹೇಳದೆ ಮಕ್ಕಳಿಗೆ ಕೊಡಲೇಬಾರದು.

ಯಾವಾಗ ಓಡಬೇಕು ಅಂತ ಕೇಳಿದ್ದೀರಿ. 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಕಾಯುವ ಮಾತೇ ಇಲ್ಲ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ನಾನು ಥರ್ಮಾಮೀಟರ್‌ಗಿಂತ ಮೊದಲು ಮಗುವನ್ನು ನೋಡುತ್ತೇನೆ. 103 ಇದ್ದರೂ ಜ್ವರ ಇಳಿದಾಗ ಆಟಕ್ಕೆ ಕೈ ಚಾಚುವ ಮಗು ಇರುತ್ತದೆ. 101 ಇದ್ದು ಎಬ್ಬಿಸಿದರೂ ಕಣ್ಣು ಬಿಡದ ಮಗು ಇರುತ್ತದೆ. ಎರಡನೆಯದಕ್ಕೆ ತಡ ಮಾಡಬಾರದು. 8 ಗಂಟೆ ಮೂತ್ರ ಇಲ್ಲ, ಅತ್ತರೆ ಕಣ್ಣೀರು ಬರುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ, ಗಾಜಿನ ಲೋಟ ಒತ್ತಿ ನೋಡಿದರೂ ಮಾಯವಾಗದ ಕೆಂಪು ಚುಕ್ಕೆ. ಇವಕ್ಕೆಲ್ಲ ರಾತ್ರಿಯಾದರೂ ಸರಿ, ಹೊರಡಿ.

ಕೆಮ್ಮಿದ್ದಾಗ ಉಸಿರು ಎಣಿಸುವುದನ್ನು ಕಲಿತುಕೊಳ್ಳಿ. ಮಗು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. 1ರಿಂದ 5 ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಲೇಬೇಡಿ.

ಇನ್ನು ಒಂದು ಪುಸ್ತಕ ಇಡಿ. ತೂಕ, ಜ್ವರ ಎಷ್ಟು ಗಂಟೆಗೆ ಎಷ್ಟು, ಮದ್ದು ಎಷ್ಟು ಎಂಎಲ್, ಯಾರು ಕೊಟ್ಟದ್ದು, ಮೂತ್ರ ಎಷ್ಟು ಸಲ. ಕೊನೆ ಪುಟದಲ್ಲಿ ಡಾಕ್ಟರಿಗೆ ಕೇಳಬೇಕಾದದ್ದು. ಒಳಗೆ ಹೋದ ತಕ್ಷಣ ಪುಸ್ತಕ ತೆರೆದು ಅವರ ಮೇಜಿನ ಮೇಲಿಡಿ.

ರಾತ್ರಿ ಪಾಳಿ ಅಪ್ಪ

ಪುಸ್ತಕ ನಮ್ಮ ಮನೆಯಲ್ಲಿ ಎರಡು ದಿನವೂ ನಡೆಯಲಿಲ್ಲ. ಪೆನ್ ಸಿಗುವುದಿಲ್ಲ, ಸಿಕ್ಕರೆ ಪುಸ್ತಕ ಮಗಳ ಕೈಯಲ್ಲಿರುತ್ತದೆ. ನಾನು, ನನ್ನ ಹೆಂಡತಿ ಇಬ್ಬರೇ ಇರುವ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಮದ್ದು ಕೊಟ್ಟ ಕೂಡಲೇ "ಪ್ಯಾರಾ 5" ಅಂತ ಹಾಕುತ್ತೇವೆ. ಸಮಯ ತಾನಾಗಿಯೇ ಬೀಳುತ್ತದೆ. ಮದ್ದು ಹಾಕುವ ಮೊದಲು ಗ್ರೂಪ್ ನೋಡಲೇಬೇಕು ಅನ್ನುವುದು ನಮ್ಮಿಬ್ಬರ ಮಾತು.

ನಮ್ಮ ಮಗಳಿಗೆ ಒಂದೂವರೆ ವರ್ಷದಲ್ಲಿ ಜ್ವರಕ್ಕೆ ಫಿಟ್ಸ್ ಬಂದಿತ್ತು. ನನ್ನ ತೋಳಲ್ಲೇ ಇದ್ದಳು. ಕಣ್ಣು ಮೇಲೆ ಹೋಯಿತು, ಕೈಕಾಲು ಸೆಟೆದು ಅದುರಿತು, ತುಟಿ ನೀಲಿ. ಮಗು ಹೋಯಿತು ಅಂದುಕೊಂಡೆ. ಎರಡು ನಿಮಿಷವೂ ಇರಲಿಲ್ಲ ಅಂತ ಆಮೇಲೆ ಹೆಂಡತಿ ಹೇಳಿದಳು. ಅವಳು ಗಡಿಯಾರ ನೋಡಿದ್ದಳು, ಅದನ್ನೇ ಡಾಕ್ಟರ್ ಮೊದಲು ಕೇಳಿದ್ದು. 6 ತಿಂಗಳಿಂದ 5 ವರ್ಷದವರೆಗೆ ಕೆಲವು ಮಕ್ಕಳಿಗೆ ಹೀಗೆ ಬರುತ್ತದೆ, ಚಿಕ್ಕದಾಗಿ ಬಂದು ನಿಂತರೆ ಮೆದುಳಿಗೆ ತೊಂದರೆ ಇಲ್ಲ ಅಂದರು. ನಿಮಗೆ ಬೇಡ, ಆದರೂ ತಿಳಿದಿರಲಿ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ಸಮಯ ನೋಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್. ಬೇಗ ನಿಂತರೂ ಮೊದಲನೇ ಸಲ ಆದರೆ ಅವತ್ತೇ ತೋರಿಸಿ.

ಸೂಜಿ ವಿಷಯಕ್ಕೆ ಬಂದರೆ, ನಾವೂ ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡವರೇ. ಒಂದು ದಿನ ಮಗಳ ಮುಂದೆ ಕೂತು "ಅವತ್ತು ಅಪ್ಪ ಚುಚ್ಚಲ್ಲ ಅಂದಿದ್ದು ತಪ್ಪು, ಇನ್ಮೇಲೆ ನಿಜ ಹೇಳ್ತೀನಿ" ಅಂದೆ. ಅವಳು ಏನೂ ಹೇಳಲಿಲ್ಲ. ಮುಂದಿನ ಸಲ ಮನೆಯಲ್ಲೇ "ಇವತ್ತು ಚುಚ್ತಾರೆ, ಸ್ವಲ್ಪ ನೋಯತ್ತೆ, ನಾನು ಹಿಡ್ಕೊಂಡಿರ್ತೀನಿ" ಅಂದೆ. ಅತ್ತಳು. ಆದರೆ ಬಂದಳು. ಮಲಗಿಸಿ ಅದುಮಿ ಹಿಡಿಯುವ ಬದಲು ತೊಡೆ ಮೇಲೆ ನನ್ನ ಎದೆಗೆ ಮುಖ ಮಾಡಿ ಕೂರಿಸಿಕೊಂಡು ತಬ್ಬಿಕೊಂಡೆ. ನನ್ನ ಮೂಗಿಗೆ ಜೋರಾಗಿ ಊದು ಅಂದೆ. ಅವಳು ಊದುತ್ತಿರುವಾಗಲೇ ಮುಗಿಯಿತು.

ಮೂವರ ತಾಯಿ

ಒಂದೇ ಮಾತು ಹೇಳಿ ಹೋಗುತ್ತೇನೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ನೆಗಡಿ ಬರುವುದು ಮಾಮೂಲು, ಶಾಲೆಗೆ ಹೊಸದಾಗಿ ಸೇರಿದವರಿಗೆ ಇನ್ನೂ ಜಾಸ್ತಿ. ನಿಮ್ಮ ಆರೈಕೆಯಲ್ಲಿ ಏನೂ ಕೊರತೆ ಇಲ್ಲ. ಪ್ರತಿ ನೆಗಡಿಗೂ ಆಂಟಿಬಯೋಟಿಕ್ ಕೊಡಿ ಅಂತ ಮಾತ್ರ ಕೇಳಬೇಡಿ, ಅದು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ನಾನು ಮೊದಲ ಮಗುವಿನ ಹೊತ್ತಿನಲ್ಲಿ ಹಟ ಹಿಡಿದು ಬರೆಸಿಕೊಂಡು ಬಂದಿದ್ದೆ. ಕೆಮ್ಮು ತನ್ನ ಎರಡು ವಾರ ಮುಗಿಸಿಯೇ ಹೋಯಿತು, ಮಧ್ಯೆ ಮಗುವಿಗೆ ಭೇದಿ ಬೇರೆ.

ಇಬ್ಬರು ಮಕ್ಕಳ ಅಮ್ಮ

ನರ್ಸಕ್ಕಾ, ನೀವು ಹೇಳಿದ ಮೇಲೆ ಎದ್ದು ಹೋಗಿ ನೋಡಿದೆ. ಎರಡು ಬಾಟಲಿ ಇವೆ. ಮಗನದು 120, ಮಗಳದು 250. ಎರಡೂ ಗುಲಾಬಿ ಬಣ್ಣ, ಒಂದೇ ಎತ್ತರ, ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ. ಆ ರಾತ್ರಿ ನಾನು ಯಾವುದರಿಂದ ಹಾಕಿದೆನೋ ನನಗೆ ಗೊತ್ತಿಲ್ಲ. ನೋಡುತ್ತಾ ನೋಡುತ್ತಾ ಕಾಲು ನಡುಗಿತು.

ಇವತ್ತು ಡಾಕ್ಟರಿಗೆ ಅದನ್ನೂ ಹೇಳಿದೆ. ಬೈಯಲಿಲ್ಲ. ಲೆಕ್ಕ ಹಾಕಿ ಆ ಒಂದು ರಾತ್ರಿಗೆ ಹೆದರುವಷ್ಟು ಆಗಿಲ್ಲ, ಇನ್ನು ಬೇರೆ ಬೇರೆ ಇಡಿ ಅಂದರು. ಈಗ ಮಗಳ ಬಾಟಲಿಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ ಬೇರೆ ಕೋಣೆಯ ಬೀರುವಿನ ಮೇಲೆ ಇಟ್ಟಿದ್ದೇವೆ. ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ, ಮೊದಲ ಮೆಸೇಜ್ ಮಗನ ತೂಕ. ಉಸಿರು ಎಣಿಸಿದೆ, ನಿದ್ದೆಯಲ್ಲಿ 28.

ಮಗಳಿಗೂ ಅವತ್ತಿನದು ಹೇಳಿದೆ. ಅಮ್ಮ ಸುಳ್ಳು ಹೇಳಿದ್ದೆ, ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ "ನಾಳೆ ತಮ್ಮಂಗೆ ಚುಚ್ತಾರಾ?" ಅಂದಳು. ಇಲ್ಲ, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡ್ತಾರೆ, ಅಷ್ಟೇ ಅಂದೆ. "ನಿಜವಾಗ್ಲೂ?" ಅಂದಳು. ನಿಜವಾಗ್ಲೂ ಅಂದೆ. ಇವತ್ತು ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು. ಆದರೆ ಒಂದು ಕಾಲು ಒಳಗಿತ್ತು.