‘ಎಕ್ಸಿಕ್ಯೂಟ್’: ಕ್ರಯಪತ್ರಕ್ಕೆ ಯಾವ ಕ್ರಿಯಾಪದ, ಡಿಕ್ರಿಗೆ ಯಾವುದು?

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಒಂದು ಜಮೀನು ದಾವೆಯ ಕಾಗದಗಳನ್ನು ಕನ್ನಡಕ್ಕೆ ಮಾಡ್ತಿದ್ದೇನೆ. ನಾಳೆ ಬೆಳಿಗ್ಗೆ ವಕೀಲರ ಕೈಗೆ ಕೊಡಬೇಕು. ಒಂದೇ ಪುಟದಲ್ಲಿ ಕ್ರಯಪತ್ರಕ್ಕೂ ‘ಎಕ್ಸಿಕ್ಯೂಟ್’ ಇದೆ, ಡಿಕ್ರಿಗೂ (ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನಕ್ಕೂ) ‘ಎಕ್ಸಿಕ್ಯೂಟ್’ ಇದೆ. ನಿಘಂಟಿನಲ್ಲಿ ಕಾರ್ಯಗತಗೊಳಿಸು, ನೆರವೇರಿಸು, ಗಲ್ಲಿಗೇರಿಸು ಅಂತ ಸಾಲಾಗಿ ಕೊಟ್ಟಿದ್ದಾರೆ. ಯಾವುದು ಎಲ್ಲಿಗೆ ಅಂತ ಹೇಳಿಲ್ಲ. ಎರಡಕ್ಕೂ ‘ಜಾರಿ ಮಾಡು’ ಅಂದರೆ ನಡೆಯುತ್ತಾ?

ಚಿಕ್ಕಮಗಳೂರಿನಿಂದ:
ಜಾರಿ ಬೇಡ. ಹೊರಗಿನ ಪದ. ‘ನಡೆಸು’ ಅಂತ ಬರೆಯಿರಿ, ಎರಡಕ್ಕೂ ಆಗುತ್ತೆ.

ಬೇಲೂರಿನಿಂದ:
ಹೊರಗಿನದು ಅಂತ ಯಾರು ಹೇಳಿದ್ದು? ‘ಜಾರು’ ಧಾತುವಿನಿಂದ ಬಂದ ಅಚ್ಚಗನ್ನಡ ಪದ. ಆಜ್ಞೆ ಮೇಲಿಂದ ಕೆಳಕ್ಕೆ ಜಾರಿ ಬರುತ್ತೆ.

ಸಕಲೇಶಪುರದಿಂದ:
ಬೇಲೂರಿನವರೇ, ಜಾರುವುದಕ್ಕೂ ಈ ಜಾರಿಗೂ ಸಂಬಂಧವೇ ಇಲ್ಲ. ಅದು ಅರಬ್ಬಿ ಮೂಲದ್ದು. ಹರಿಯುವ, ನಡೆಯುತ್ತಿರುವ ಅಂತ ಅರ್ಥ. ಉಚ್ಚಾರಣೆ ಹೋಲಿತು ಅಂತ ಸುಮ್ನೆ ಧಾತು ಹುಟ್ಟಿಸಬೇಡಿ.

ಹಾಸನದವರೇ, ಕ್ರಯಪತ್ರಕ್ಕೆ ‘ಬರೆದುಕೊಡು’ ಅಂತ ಹಾಕಿ. ನಮ್ಮ ಪತ್ರಗಳಲ್ಲೇ ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಅಂತ ಇರುತ್ತಲ್ಲ, ಅದೇ. ಅಕ್ಷರ ಬರೆಯುವವರು ಪತ್ರ ಬರಹಗಾರರು. ಆದರೂ ಬರೆದುಕೊಟ್ಟವರು ಅಂದರೆ ಮಾರಿದವರು, ಬರೆಸಿಕೊಂಡವರು ಅಂದರೆ ಕೊಂಡವರು. ಹಕ್ಕು ಯಾರಿಂದ ಯಾರಿಗೆ ಹೋಯಿತು ಅನ್ನೋದನ್ನು ಆ ‘ಕೊಡು’, ‘ಕೊಳ್ಳು’ ಎರಡೇ ಹೇಳಿಬಿಡುತ್ತವೆ. ‘ಕಾರ್ಯಗತಗೊಳಿಸಿದರು’ ಅಂತ ಬರೆದರೆ ಅದೆಲ್ಲ ಹೋಯಿತು. ನೋಂದಣಿಯನ್ನೂ ಇದಕ್ಕೆ ಬೆರೆಸಬೇಡಿ. 1908ರ ನೋಂದಣಿ ಕಾಯ್ದೆಯ 4 ತಿಂಗಳ ಗಡುವನ್ನು ಎಣಿಸುವುದು ಬರೆದುಕೊಟ್ಟ ದಿನದಿಂದ. ಇಲ್ಲಿ ಕ್ರಿಯಾಪದ ತಪ್ಪಿದರೆ ತಾರೀಕೇ ತಪ್ಪುತ್ತೆ.

ಡಿಕ್ರಿಗೆ ‘ಅಮಲ್ಜಾರಿ’, ಅಂದರೆ ಕೋರ್ಟಿನ ತೀರ್ಮಾನವನ್ನು ಆಚರಣೆಗೆ ತರೋದು. ಬರೀ ಜಾರಿ ಅಂದರೆ ಗೊಂದಲ. ಸಮನ್ಸ್ ಜಾರಿಯಾಗುತ್ತೆ, ಕಾಯ್ದೆ ಜಾರಿಗೆ ಬರುತ್ತೆ, ಡಿಕ್ರಿಯನ್ನು ಗೆದ್ದವರು ಅರ್ಜಿ ಹಾಕಿ ಅಮಲ್ಜಾರಿ ಮಾಡಿಸಬೇಕು. ಆ ‘ಇಸು’ ಬಿಡಬೇಡಿ, ಮಾಡೋದು ಕೋರ್ಟು. ‘ಡಿಕ್ರಿ ನಡೆಸಿದರು’ ಅಂದರೆ ಯಾವ ಗುಮಾಸ್ತರಿಗೂ ಅರ್ಥ ಆಗಲ್ಲ.

ಚಿಕ್ಕಮಗಳೂರಿನವರಿಗೆ ಒಂದು ಮಾತು. ಜಪ್ತಿ, ವಜಾ, ರದ್ದು, ಜಾಮೀನು ಎಲ್ಲ ಹೊರಗಿನವೇ, ನಿಜ. ಆದರೆ ಬಂದದ್ದು ನಾಮಪದ. ಕ್ರಿಯಾಪದ ನಮ್ಮದೇ ಉಳಿದಿದೆ. ದಾವೆ ಹೂಡ್ತೀವಿ. ಕೋರ್ಟು ಜಾಮೀನು ಕೊಡುತ್ತೆ, ನೆಂಟರು ಜಾಮೀನು ನಿಲ್ತಾರೆ. ಎರಡೂ ಬೇರೆ ಬೇರೆ ಕೆಲಸ, ಹೇಳ್ತಿರೋದು ಕ್ರಿಯಾಪದ ಮಾತ್ರ. ನಿಘಂಟಿನಲ್ಲಿ ‘ಜಾಮೀನು’ ಸಿಗುತ್ತೆ. ಅದರ ಜೊತೆ ಯಾವ ಕ್ರಿಯಾಪದ ಹೋಗುತ್ತೆ ಅಂತ ಕೊಡೋದು ತೀರಾ ಕಡಿಮೆ. ಅನುವಾದ ಮಾಡೋರಿಗೆ ಬೇಕಾಗಿರೋದು ಅದೇ ಅಲ್ವಾ? ಜಗಳ ಆಡೋದಾದರೆ ಅದಕ್ಕೆ ಆಡೋಣ.

ಚಿಕ್ಕಮಗಳೂರಿನಿಂದ:
ಹೊರಗಿನ ಪದಕ್ಕೆ ‘ಮಾಡು’ ಅಂಟಿಸಿದರೆ ಕನ್ನಡ ಆಗಿಬಿಡ್ತಾ? ಒಪ್ಪಲ್ಲ. ದಾವೆಗೆ ‘ವ್ಯಾಜ್ಯ’ ಇದೆ.

ಬೇಲೂರಿನಿಂದ:
ವ್ಯಾಜ್ಯ ಸಂಸ್ಕೃತದಿಂದ ಬಂದದ್ದು. ಅದು ಮಾತ್ರ ಮನೆಯದಾ?

ಹಾಸನದಿಂದ:
ಎರಡೂ ಹಾಕಿದೆ ಸರ್, ತುಂಬಾ ಉಪಕಾರ ಆಯ್ತು. ಇನ್ನೊಂದು ತುರ್ತು. ತಂದೆ ಕೊಟ್ಟ ಅಧಿಕಾರಪತ್ರದ ಮೇಲೆ ಮಗ ಸಹಿ ಹಾಕಿದ್ದಾರೆ. ಬರೆದುಕೊಟ್ಟವರು ತಂದೆಯೋ, ಮಗನೋ?

ಸಕಲೇಶಪುರದಿಂದ:
‘ತಂದೆಯ ಪರವಾಗಿ ಮಗ ಬರೆದುಕೊಟ್ಟರು’ ಅಂತ ಬರೆಯಿರಿ. ಹಕ್ಕು ತಂದೆಯದು. ‘ಪರವಾಗಿ’ ಬಿಟ್ಟರೆ ಜಮೀನು ಮಗನದಾಗಿಬಿಡುತ್ತೆ.