ಅಪ್ಪನ ಎಚ್‌ಎಂಟಿ ವಾಚಿನ ಚರ್ಮದ ಬೆಲ್ಟ್ ವಾಸನೆ ಬರ್ತಿದೆ, ತೊಳೆಯಬಹುದಾ?

ಪ್ರಶ್ನೆ (ದಾವಣಗೆರೆಯಿಂದ)

ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಈಗ ನನ್ನ ಕೈಯಲ್ಲಿದೆ. ಬೆಳಿಗ್ಗೆ ಕೀ ಕೊಟ್ಟರೆ ಮಾರನೇ ದಿನದವರೆಗೂ ಚೆನ್ನಾಗಿ ಓಡುತ್ತದೆ. ತೊಂದರೆ ಇರೋದು ಬೆಲ್ಟಿನದು. ಕಂದು ಚರ್ಮ, ಕೈಗೆ ತಾಗುವ ಒಳಬದಿ ಪೂರ್ತಿ ಕಪ್ಪಾಗಿದೆ, ತೂತುಗಳ ಸುತ್ತ ಬಿಳಿ ಪುಡಿಯಂಥದ್ದು ಕೂತಿದೆ, ಮಧ್ಯಾಹ್ನದ ಹೊತ್ತಿಗೆ ಮೂಗಿಗೆ ಹೊಡೆಯುವ ವಾಸನೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ವಾ, ಮಂಡಿಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಮಣಿಕಟ್ಟು ತೊಯ್ದು ಹೋಗಿರುತ್ತದೆ. ಒಬ್ಬರು ಶಾಂಪೂ ನೀರಲ್ಲಿ ರಾತ್ರಿಯಿಡೀ ನೆನೆಸಿಡಿ ಅಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ಅಂದರು. ಹೊಸ ಬೆಲ್ಟ್ ದೊಡ್ಡ ಖರ್ಚೇನಲ್ಲ, ಆದರೆ ಇದು ಅಪ್ಪನೇ ಹಾಕಿಸಿದ್ದು. ಆದಷ್ಟು ದಿನ ಉಳಿಸಿಕೊಳ್ಳಬೇಕು ಅಂತ ಆಸೆ.

ಉತ್ತರ 1

ದಯವಿಟ್ಟು ನೆನೆಸಬೇಡಿ. ವಾಚಿನ ಬೆಲ್ಟ್ ಸಾಮಾನ್ಯವಾಗಿ ಒಂದೇ ತುಂಡು ಚರ್ಮ ಅಲ್ಲ, ಮೇಲೊಂದು ಪದರ, ಕೆಳಗೊಂದು ಪದರ, ಎರಡನ್ನೂ ಅಂಟು ಹಾಕಿ ಹೊಲಿದಿರುತ್ತಾರೆ. ನೀರಲ್ಲಿ ಬಿಟ್ಟರೆ ಅಂಟು ಬಿಡುತ್ತದೆ, ಒಣಗಿದ ಮೇಲೆ ಸೊಟ್ಟಗಾಗಿ ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಚರ್ಮ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಕೆಲವು ದಿನಕ್ಕೆ ಎಣ್ಣೆಯೇ ಮುಗ್ಗಲು ವಾಸನೆ ಹೊಡೆಯುತ್ತದೆ.

ನೀವು ಹೇಳಿದ ಬಿಳಿ ಪುಡಿ ಬಹುಶಃ ಬೆವರಿನ ಉಪ್ಪು. ಒದ್ದೆ ಬಟ್ಟೆಗೆ ಕರಗಿ ಹೋದರೆ ಉಪ್ಪೇ. ಬೂದಿಯಂತೆ ನವಿರಾಗಿ ಎದ್ದು ನಿಂತಿದ್ದರೆ ಬೂಷ್ಟು ಇರಬಹುದು, ಹಾಗಿದ್ದರೆ ಬೆಲ್ಟ್ ಬಿಟ್ಟುಬಿಡೋದೇ ವಾಸಿ.

ಮೊದಲು ಬೆಲ್ಟನ್ನು ವಾಚಿನಿಂದ ಬಿಚ್ಚಿ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಹತ್ತಿ ಬಟ್ಟೆ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಗಟ್ಟಿಯಾಗಿ ಹಿಂಡಿ. ಒಳಬದಿಯನ್ನು ಉದ್ದಕ್ಕೆ ಮೆಲ್ಲಗೆ ಒರೆಸಿ. ಬಟ್ಟೆಗೆ ಕಂದು ಬಣ್ಣ, ಕೊಳೆ ಎರಡೂ ಬರುತ್ತದೆ, ಗಾಬರಿ ಬೇಡ. ಆದರೆ ಬಣ್ಣ ಜಾಸ್ತಿ ಬಿಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಬರೀ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ. ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಲಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಅಂತೂ ಮುಟ್ಟಲೇಬೇಡಿ. ಅಡುಗೆ ಸೋಡಾ ಉಜ್ಜಿದರೆ ವಾಸನೆ ಹೋಗುತ್ತದೆ ಅನ್ನುವವರಿದ್ದಾರೆ, ಅದು ಕ್ಷಾರ, ಚರ್ಮಕ್ಕೆ ಒಗ್ಗಲ್ಲ.

ಇಷ್ಟೆಲ್ಲಾ ಮಾಡಿಯೂ ಮುಖ್ಯವಾದದ್ದು ದಿನದ ಅಭ್ಯಾಸ. ಸಂಜೆ ವಾಚ್ ಬಿಚ್ಚಿದ ಕೂಡಲೇ ಒಳಬದಿಯನ್ನು ಒಣ ಬಟ್ಟೆಯಿಂದ ಒರೆಸಿ, ಬಕಲ್ ಹಾಕದೆ ಬಿಡಿಸಿಡಿ. ಡಬ್ಬಿಯೊಳಗೆ ಮುಚ್ಚಿಟ್ಟರೆ ಒದ್ದೆ ಒಳಗೇ ಉಳಿಯುತ್ತದೆ. ಬೆಣ್ಣೆ ದೋಸೆ ತಿಂದ ಕೈಯಲ್ಲಿ ಬಕಲ್ ಮುಟ್ಟಿ ಜಿಡ್ಡಾದರೆ ನೀರು ಹಾಕದೆ ಮೊದಲು ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಉತ್ತರ 2 (ಚಿತ್ರದುರ್ಗದಿಂದ)

ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಗಾಳಿ ತುಂಬಾ ಒಣ. ಒರೆಸಿ ಒಣಗಿಸಿದ ಮೇಲೆ ಚರ್ಮ ಬಿರುಸಾಗುತ್ತದೆ. ಬಣ್ಣವಿಲ್ಲದ ಲೆದರ್ ಕ್ರೀಮ್ ಸಿಗುತ್ತದೆ, ಕಡಲೆಕಾಳಿನಷ್ಟು ತಗೊಂಡು ಹೊರಬದಿಗೆ ಮಾತ್ರ ಹಚ್ಚಿ, ಉಳಿದದ್ದನ್ನು ಒರೆಸಿಬಿಡಿ. ಒಳಬದಿಗೆ ಹಚ್ಚಿದರೆ ಕೈಗೆ ಜಿಡ್ಡು. ಬಣ್ಣದ ಶೂ ಪಾಲಿಶ್ ಬೇಡ, ಶರ್ಟಿನ ತೋಳಿಗೆ ಹತ್ತುತ್ತದೆ.

ಬೇಸಿಗೆ ಮೂರು ತಿಂಗಳು ನಾನು ಚರ್ಮದ್ದನ್ನು ತೆಗೆದು ನೈಲಾನ್ ಬೆಲ್ಟ್ ಹಾಕುತ್ತೇನೆ. ಅದನ್ನು ಸೋಪಿನ ನೀರಲ್ಲಿ ತೊಳೆದು ನೇತುಹಾಕಿದರೆ ಬೇಗ ಒಣಗುತ್ತದೆ. ನಿಮ್ಮ ಅಪ್ಪನ ಬೆಲ್ಟ್ ಉಳಿಯಬೇಕು ಅಂದರೆ ಅದಕ್ಕೆ ಬೇಸಿಗೆಯಲ್ಲಿ ರಜೆ ಕೊಡೋದೇ ಒಳ್ಳೆಯ ದಾರಿ ಅನಿಸುತ್ತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಒರೆಸಿ ನೋಡಿದೆ, ಬಿಳಿ ಪುಡಿ ಕರಗಿ ಹೋಯಿತು, ಉಪ್ಪೇ. ಬೆಲ್ಟ್ ಬಿಚ್ಚಲು ಧೈರ್ಯ ಬರಲಿಲ್ಲ, ಕಟ್ಟಿದ್ದ ಹಾಗೆಯೇ ಒರೆಸಿದೆ. ಮನೆಯಲ್ಲೇ ಬಿಚ್ಚಬಹುದಾ? ಸ್ಟೀಲ್ ಚೈನ್ ಹಾಕಿಸಿದರೆ ಈ ರಗಳೆಯೇ ಇರಲ್ವಾ?

ಉತ್ತರ 3

ವಾಚಿಗೆ ಹಾಗೇ ಸಿಕ್ಕಿಸಿಕೊಂಡು ಒರೆಸುವಾಗ ಹುಷಾರು. ಹಳೆಯ ವಾಚಿಗೆ ನೀರು ತಡೆಯುವ ಸೀಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತು. ಬೆಲ್ಟ್ ಹೋದರೆ ಇನ್ನೊಂದು ಸಿಗುತ್ತದೆ, ಆ ಡಯಲ್ ಒಳಗೆ ನೀರು ಹೋಗಿ ಕಲೆ ಕೂತರೆ ಅದಕ್ಕೆ ಬದಲಿ ಹುಡುಕೋದು ಕಷ್ಟ.

ಚೈನಿಗೂ ಕೆಲಸ ಇದ್ದೇ ಇದೆ. ಕೊಂಡಿಗಳ ಸಂದಿಯಲ್ಲಿ ಬೆವರು, ಧೂಳು ಸೇರಿ ಕಪ್ಪು ಕೆಸರಾಗುತ್ತದೆ. ಬಿಚ್ಚಿ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹಳೆಯ ಮೆತ್ತನೆ ಟೂತ್ ಬ್ರಷ್‌ನಿಂದ ಉಜ್ಜಬೇಕು. ಕೆಲವರಿಗೆ ಸ್ಟೀಲಿನಲ್ಲಿರುವ ನಿಕ್ಕಲ್‌ಗೆ ಕೈ ಕೆಂಪಾಗಿ ತುರಿಕೆ ಬರುತ್ತದೆ, ಅಂಥವರು ಚೈನ್ ತಂಟೆಗೆ ಹೋಗದಿರೋದು ಲೇಸು.

ಬಿಚ್ಚೋದು ಮನೆಯಲ್ಲೇ ಆಗುತ್ತದೆ. ವಾಚನ್ನು ಮೆತ್ತನೆ ಬಟ್ಟೆ ಮೇಲೆ ಬೋರಲು ಹಾಕಿ, ಬೆಲ್ಟ್ ಸೇರುವ ಕಡೆ ಕೇಸಿನಿಂದ (ವಾಚಿನ ಹೊರಕವಚ) ಚಾಚಿಕೊಂಡಿರುವ ಕಾಲುಗಳ ಹಿಂಬದಿಗೆ ಸೆಲೋ ಟೇಪ್ ಅಂಟಿಸಿ, ಗೀರು ಬೀಳಲ್ಲ. ಬೆಲ್ಟಿನ ತುದಿಯೊಳಗೆ ಸ್ಪ್ರಿಂಗ್ ಇರುವ ಸಣ್ಣ ಕಡ್ಡಿ ಇರುತ್ತದೆ. ಈ ಕಡ್ಡಿ ತೆಗೆಯಲೆಂದೇ ಇರುವ ಸ್ಪ್ರಿಂಗ್ ಬಾರ್ ಟೂಲಿನ ಕವೆ ತುದಿಯಿಂದ ಕಡ್ಡಿಯ ಅಂಚನ್ನು ಒಳಕ್ಕೆ ಒತ್ತಿ ಎತ್ತಿ. ಇನ್ನೊಂದು ಬೆರಳನ್ನು ಅದರ ಮೇಲೇ ಇಟ್ಟಿರಿ, ಇಲ್ಲದಿದ್ದರೆ ಕಡ್ಡಿ ಚಿಮ್ಮಿ ಮಂಚದ ಕೆಳಗೆ ಸೇರುತ್ತದೆ. ಕಡ್ಡಿಗೆ ತುಕ್ಕು ಹಿಡಿದಿದ್ದರೆ ಹಳೆಯದನ್ನೇ ಮತ್ತೆ ಹಾಕಬೇಡಿ, ಅದು ಮುರಿದರೆ ವಾಚೇ ಕೆಳಗೆ ಬೀಳೋದು. ಎರಡು ಕಾಲುಗಳ ನಡುವಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಿ, ವಾಚ್ ರಿಪೇರಿಯವರ ಹತ್ತಿರ ಅದೇ ಅಳತೆಯ ಕಡ್ಡಿಗಳ ಜೋಡಿ ಕೇಳಿ.