ಚಿಗವ್ವನಿಗೆ ಯಾಕೆ ಬಂತು ಅಂತ ಕೇಳಿದ್ದಿರಲ್ಲ

ವೈನಿ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿರಿ. ಅಕ್ಕಲಕೋಟೆ ಚಿಗವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಗ್ರೂಪಿನಲ್ಲಿ ಎರಡು ಮಾತು ಬಂದವು. ಐದು ಹೆತ್ತವಳಿಗೆ ಇದು ಹೇಗೆ ಬಂತು ಅಂತ ನೀವು ಕೇಳಿದಿರಿ. ಇದು ನಡತೆಗೆ ಬರುವ ರೋಗ ಅಂತ ಇನ್ನೊಬ್ಬರು ಬರೆದರು. ಅದನ್ನು ಓದಿ ನನಗೆ ಅಳು ಬಂತು.

ಮಕ್ಕಳನ್ನು ಹೆತ್ತವರಿಗೆ ಕ್ಯಾನ್ಸರ್ ಕಡಿಮೆ ಅನ್ನುವುದು ಮೊಲೆ ಮತ್ತು ಅಂಡಾಶಯದ ಕ್ಯಾನ್ಸರಿನ ಮಾತು. ಗರ್ಭಕೋಶದ ಬಾಯಿಗೆ ಅದು ಉಲ್ಟಾ. ಇದಕ್ಕೆ ಕಾರಣ ಎಚ್‌ಪಿವಿ ವೈರಸ್. ಅದು ಗಂಡ ಹೆಂಡಿರ ಕೂಡುವಿಕೆಯಲ್ಲೇ ತಗಲುತ್ತದೆ, ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ. ಬಹಳ ಜನರಲ್ಲಿ ಒಂದೆರಡು ವರ್ಷಕ್ಕೆ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದುಕೊಂಡು 15-20 ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಎಳೆ ವಯಸ್ಸಿನಲ್ಲಿ ಆ ಜಾಗ ಇನ್ನೂ ಬಲಿತಿರುವುದಿಲ್ಲ, ವೈರಸ್ ಸುಲಭವಾಗಿ ನೆಲೆ ಊರುತ್ತದೆ. ಮೇಲಿಂದ ಮೇಲೆ ಬಸಿರಾದರೆ ಅಪಾಯ ಇನ್ನೂ ಜಾಸ್ತಿ. ಚಿಗವ್ವನಿಗೆ 15ಕ್ಕೆ ಮದುವೆ ಮಾಡಿದೆವು, 16ಕ್ಕೆ ಮೊದಲ ಬಾಣಂತನ, 27 ದಾಟುವುದರೊಳಗೆ ಐದು. ಇದರಲ್ಲಿ ಅವಳ ನಡತೆ ಎಲ್ಲಿ ಬಂತು? ಮದುವೆ ನಿಶ್ಚಯಿಸಿದವರು ನಾವೇ ಅಲ್ವಾ?

ಇನ್ನೊಂದು ನೋವು ಇದೆ. ನಾಲ್ಕು ವರ್ಷದ ಹಿಂದೆ ಊರಿಗೆ ಈ ಕ್ಯಾನ್ಸರಿನ ತಪಾಸಣೆಯವರು ಬಂದಿದ್ದರು. ಚೀಟಿ ಮರಾಠಿಯಲ್ಲಿತ್ತು, ಮಾತೂ ಮರಾಠಿ. ಚಿಗವ್ವನಿಗೆ ಕನ್ನಡ ಬಿಟ್ಟರೆ ಅಷ್ಟಕ್ಕಷ್ಟೆ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಅಂತ ಹೊಲಕ್ಕೆ ಹೋದಳು. ಮುಟ್ಟು ನಿಂತ ಮೇಲೂ ರಕ್ತ ಕಂಡಾಗ ಉಷ್ಣ ಆಗಿದೆ ಅಂತ ಸುಮ್ನೆ ಕೂತೆವು. ನಮ್ಮ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲೇ, ಈಗಿನ ಧಾರಾಶಿವದಲ್ಲಿ, 30ರಿಂದ 59 ವಯಸ್ಸಿನ ಸುಮಾರು 1.3 ಲಕ್ಷ ಹಳ್ಳಿ ಹೆಂಗಸರ ಮೇಲೆ ದೊಡ್ಡ ಅಧ್ಯಯನ ಆಗಿದೆ. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಊರುಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಚಿಗವ್ವನಿಗೂ ಆ ಒಂದು ಸಲ ಸಿಕ್ಕಿದ್ದರೆ ಅಂತ ರಾತ್ರಿಯೆಲ್ಲ ಅನಿಸುತ್ತದೆ.

ಅವಳಿಗೆ ಈ ನಡತೆಯ ಮಾತು ಯಾರೂ ಮುಟ್ಟಿಸಬೇಡಿರಿ. ಬರೆದವರು ಅಳಿಸಿಬಿಡಿ. ವೈನಿ, ನಿಮಗೆ 42, ತಂಗಿಗೆ 35. ಸೋಮವಾರ ನಾನು ಸೊಲ್ಲಾಪುರಕ್ಕೆ ಹೋಗುತ್ತೇನೆ, ಈ ತಪಾಸಣೆಗೆ ಇಬ್ಬರೂ ಬನ್ನಿರಿ, ಮರಾಠಿ ನಾನು ಮಾತಾಡುತ್ತೇನೆ. ನಿಮ್ಮ ಮಗಳಿಗೆ 11 ಆಯ್ತಲ್ಲ, ಈ ವೈರಸ್ ತಡೆಯಲು 9ರಿಂದ 14ರೊಳಗೆ ಹಾಕಿಸುವ ಲಸಿಕೆ ಇದೆ. ಅದನ್ನೂ ಅಲ್ಲೇ ಕೇಳೋಣ. ಬೆಳಗಿನ ಏಳರ ಬಸ್ಸು.